ಆರ್ಡರ್ ಸಿಗದ ಸಪ್ಲೈಯರ್ ಯಾರಿಗೆ ದೂರು ಕೊಡಬೇಕು?

ಮಾನ್ಯ ಸಂಪಾದಕರೇ,

ನೌಕರ ಮತ್ತು ಸಪ್ಲೈಯರ್ ಸೇರಿ ಕಂಪನಿಯ ದುಡ್ಡು ನುಂಗಿದ ಸುದ್ದಿ ಬಂದಾಗಲೆಲ್ಲ 'ದುರಾಸೆ' ಎಂದು ಹೇಳಿ ಸುಮ್ಮನಾಗುತ್ತೇವೆ. ಕಾರ್ಖಾನೆಯೊಂದರಲ್ಲಿ ಇಂಟರ್ನಲ್ ಆಡಿಟ್ ಮಾಡುತ್ತಿದ್ದ ನನಗೆ ಅದು ಅಷ್ಟು ಸರಳವಾಗಿ ಕಂಡಿಲ್ಲ.

ಅಮೆರಿಕದ ಅಪರಾಧಶಾಸ್ತ್ರಜ್ಞ ಡೊನಾಲ್ಡ್ ಕ್ರೆಸ್ಸಿ ಜೈಲಿನಲ್ಲಿದ್ದ ವಂಚಕರನ್ನು ಮಾತಾಡಿಸಿ 1953ರಲ್ಲಿ ಬರೆದದ್ದನ್ನು ಆಡಿಟ್‌ನವರು ಇಂದಿಗೂ 'ವಂಚನೆಯ ತ್ರಿಕೋನ' ಎನ್ನುತ್ತಾರೆ. ಹಣದ ಒತ್ತಡ, ಅವಕಾಶ, 'ನಾನು ಮಾಡಿದ್ದೇನೂ ತಪ್ಪಲ್ಲ' ಎಂಬ ಸಮಾಧಾನ. ಒತ್ತಡವೆಂದರೆ ಅವರ ಪ್ರಕಾರ ಯಾರಿಗೂ ಹೇಳಿಕೊಳ್ಳಲಾಗದ ಕಷ್ಟ. ನಮ್ಮ ಪರ್ಚೇಸ್ ವಿಭಾಗದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಮಗಳ ಮದುವೆ ಸಾಲವನ್ನು ಸಹೋದ್ಯೋಗಿಗಳಿಂದ ಮುಚ್ಚಿಟ್ಟವನು ಸಪ್ಲೈಯರ್‌ಗೆ ಮಾತ್ರ ಹೇಳಿಕೊಂಡಿದ್ದ. 'ಇರಲಿ ಸರ್, ನಿಧಾನಕ್ಕೆ ಕೊಡಿ' ಎಂದು ಆತ ಕೈಸಾಲ ಕೊಟ್ಟ. ವಾಪಸ್ ಕೇಳಲೇ ಇಲ್ಲ. ಅವನಿಗೆ ಬೇಕಾಗಿದ್ದು ಆರ್ಡರ್, ಅಲ್ವಾ?

ಆಮೇಲೆ ಅವಕಾಶವನ್ನೂ ಇಬ್ಬರೂ ಕೂತು ಮಾಡಿಕೊಂಡರು. ಮೂರು ಕೊಟೇಶನ್ ಬೇಕೆಂಬ ನಿಯಮವಿತ್ತು. ಮೂರೂ ಬಂದವು, ಬೇರೆ ಬೇರೆ ಲೆಟರ್‌ಹೆಡ್‌ನಲ್ಲಿ. ಬೇರಿಂಗ್ ಎಂಬುದರ ಸ್ಪೆಲ್ಲಿಂಗ್ ಮಾತ್ರ ಮೂರರಲ್ಲೂ ಒಂದೇ ಥರ ತಪ್ಪು! ದೊಡ್ಡ ಆರ್ಡರ್‌ಗೆ ಮ್ಯಾನೇಜರ್ ಸಹಿ ಬೇಕಿತ್ತು, ಅದಕ್ಕೇ ತುಂಡು ತುಂಡು ಮಾಡಿದರು. ಸ್ಟೋರ್ಸ್‌ನವನೂ ಸೇರಿದ ಮೇಲೆ ಗೇಟಿಗೇ ಬಾರದ ಮಾಲಿಗೂ ಜಿಆರ್‌ಎನ್, ಅಂದರೆ ಮಾಲು ಬಂದು ಸೇರಿತು ಎಂಬ ಚೀಟಿ, ಆಯಿತು. ಆರ್ಡರ್, ಜಿಆರ್‌ಎನ್, ಬಿಲ್ ಮೂರೂ ತಾಳೆಯಾದವು ಅಂತ ಅಕೌಂಟ್ಸ್‌ನವರು, ಪಾಪ, ಪಾಸ್ ಮಾಡಿದರು. ಒಬ್ಬನ ಕೆಲಸವನ್ನು ಇನ್ನೊಬ್ಬ ನೋಡಬೇಕೆಂಬ ಏರ್ಪಾಡು ಅವರಿಬ್ಬರೂ ಪರಿಚಯವಿಲ್ಲದವರ ಹಾಗೆ ಇದ್ದರೆ ಮಾತ್ರ ನಡೆಯುತ್ತದೆ.

2004ರಲ್ಲಿ ವುಲ್ಫ್ ಮತ್ತು ಹರ್ಮನ್ಸನ್ ಎಂಬ ಅಮೆರಿಕದ ಇಬ್ಬರು ಕ್ರೆಸ್ಸಿಯ ಈ ತ್ರಿಕೋನಕ್ಕೆ 'ಸಾಮರ್ಥ್ಯ' ಎಂಬ ನಾಲ್ಕನೇ ಮೂಲೆ ಸೇರಿಸಿದರು. ಸರಿಯೇ. ಆದರೆ ಇಲ್ಲಿ ಅದೂ ಹಂಚಿಹೋಗಿರುತ್ತದೆ. ಸಹಿಯ ಅಧಿಕಾರ ಒಬ್ಬನದು, ಬಿಲ್ ಪುಸ್ತಕ ಇನ್ನೊಬ್ಬನದು.

ಇದು ಹೊರಬಿದ್ದದ್ದು ಆರ್ಡರ್ ಸಿಗದ ಬೇರೊಬ್ಬ ಸಪ್ಲೈಯರ್ ಮಾಡಿದ ಫೋನ್‌ನಿಂದ. ಆಶ್ಚರ್ಯವೇನಿಲ್ಲ. ವಂಚನೆ ಪತ್ತೆ ಮಾಡುವವರ ಅಂತರರಾಷ್ಟ್ರೀಯ ಸಂಘಟನೆ ಎಸಿಎಫ್‌ಇಯ 2024ರ ವರದಿ ನೋಡಿದರೂ ಶೇ 43ರಷ್ಟು ಪ್ರಕರಣಗಳು ಬಯಲಾದದ್ದು ಯಾರೋ ಕೊಟ್ಟ ಸುಳಿವಿನಿಂದಲೇ. ಸುಳಿವು ಕೊಟ್ಟವರಲ್ಲಿ ನೌಕರರೇ ಜಾಸ್ತಿ, ಆದರೆ ಸಪ್ಲೈಯರ್‌ಗಳೂ ಇದ್ದಾರೆ.

ನಮ್ಮ 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಲಿಸ್ಟೆಡ್ ಕಂಪನಿಗಳಲ್ಲಿ ದೂರು ಹೇಳಿಕೊಳ್ಳುವ ವ್ಯವಸ್ಥೆ ಇರಲೇಬೇಕು ಎನ್ನುತ್ತದೆ. ಆದರೆ ಅದು ಹೆಸರಿಸುವುದು ನಿರ್ದೇಶಕರು ಮತ್ತು ನೌಕರರನ್ನು ಮಾತ್ರ. ಸಪ್ಲೈಯರ್‌ಗಳನ್ನೂ ಅದರಲ್ಲಿ ಸೇರಿಸಬೇಕು. ಅಲ್ಲಿಯವರೆಗೆ ಕಂಪನಿಗಳೇ ಪ್ರತಿ ಪರ್ಚೇಸ್ ಆರ್ಡರ್‌ನ ಕೆಳಗೆ ಒಂದು ದೂರಿನ ನಂಬರ್ ಅಚ್ಚು ಹಾಕಿಸಲಿ. ಆ ಫೋನ್ ಮಾತ್ರ ಪರ್ಚೇಸ್ ವಿಭಾಗದ ಟೇಬಲ್ ಮೇಲೆ ಇರಬಾರದು.

– ನಿವೃತ್ತ ಆಡಿಟ್ ಅಧಿಕಾರಿ, ಹುಬ್ಬಳ್ಳಿ