ಒದ್ದೆಯಾದ ಟಿಕೆಟ್ ನಡೆಯಲ್ಲ ಅಂದ ಲಾಂಚ್ ಕಂಪನಿಗೆ ಒಂದು ದೂರು

ಮ್ಯಾನೇಜರ್ ಸಾಹೇಬರಿಗೆ,

ನಮಸ್ಕಾರ. ಫೋನ್ ಮಾಡಿ ಮಾಡಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಕೌಂಟರ್‌ನಲ್ಲಿ ಕೇಳಿದರೆ ಆಫೀಸಿಗೆ ಫೋನ್ ಮಾಡಿ ಅಂತಾರೆ. ಆಫೀಸಿಗೆ ಮಾಡಿದರೆ ಜೆಟ್ಟಿಯ ಸೂಪರ್‌ವೈಸರ್ ಹತ್ತಿರ ಮಾತಾಡಿ ಅಂತಾರೆ. ನನ್ನ ದೂರು ಇರುವುದೇ ಆ ಸೂಪರ್‌ವೈಸರ್ ಮೇಲೆ. ಒಮ್ಮೆ ಫೋನ್ ನೀವೇ ಎತ್ತಿದ್ದಿರಿ. ನನ್ನ ಹಿಂದಿ ಕೇಳಿ, "ಕನ್ನಡದವರಾ ಅಕ್ಕ? ನಾನೂ ಕುಂದಾಪುರದ ಕಡೆಯವನೇ. ನಾಳೆಯೊಳಗೆ ವಿಚಾರಿಸಿ ಹೇಳ್ತೇನೆ" ಅಂದಿರಿ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆಮೇಲೆ ನಿಮ್ಮಿಂದ ಒಂದು ಮಾತೂ ಬಂದಿಲ್ಲ, ನಾನು ಮಾಡಿದ ಕರೆಗಳನ್ನೂ ನೀವು ಎತ್ತಿಲ್ಲ.

ನಾನು ಅಲಿಬಾಗ್ ರಸ್ತೆಯ ಚೋಂಡಿಯಲ್ಲಿ ಇರುವವಳು, ಕೆಲಸ ಮುಂಬೈ ಫೋರ್ಟ್‌ನಲ್ಲಿ. ರಸ್ತೆಯಲ್ಲಿ ಹೋಗುವುದಾದರೆ ವಡಖಳ್, ಪೆಣ್, ಪನವೇಲ್ ಎಲ್ಲ ಸುತ್ತಬೇಕು. ಅರ್ಧ ದಿನ ಬಸ್ಸಿನಲ್ಲೇ ಕಳೆಯುತ್ತದೆ. 2024ರ ಜನವರಿಯಲ್ಲಿ ಮುಂಬೈಗೆ ಸಮುದ್ರದ ಮೇಲಿನ ಸೇತುವೆ, ಅಟಲ್ ಸೇತು ಆಯಿತು, ಸರಿ, ಆದರೆ ಅದರ ಲಾಭ ಕಾರು ಇದ್ದವರಿಗೆ. ಲಾಂಚ್‌ನಲ್ಲಾದರೆ ನಮ್ಮ ಕಡೆಯ ಮಾಂಡ್ವಾ ಜೆಟ್ಟಿಯಿಂದ ಮುಂಬೈನ ಗೇಟ್‌ವೇ ಆಫ್ ಇಂಡಿಯಾಕ್ಕೆ ಹೆಚ್ಚುಕಮ್ಮಿ ಒಂದು ಗಂಟೆ, ಇಳಿದ ಮೇಲೆ ಆಫೀಸಿಗೆ ನಡೆದೇ ಹೋಗುತ್ತೇನೆ. ಮಳೆಗಾಲದಲ್ಲಿ ಲಾಂಚ್ ನಿಲ್ಲುತ್ತದೆ, ಆಗ ಮುಂಬೈನ ಭಾವುಚಾ ಧಕ್ಕಾಕ್ಕೆ ಹೋಗುವ ರೋ-ರೋ, ಅಂದರೆ ವಾಹನಗಳನ್ನೂ ಹತ್ತಿಸಿಕೊಳ್ಳುವ ದೊಡ್ಡ ಹಡಗು ಹಿಡಿಯುತ್ತೇವೆ. ಗಾಳಿ ಜಾಸ್ತಿಯಾದರೆ ಲಾಂಚ್ ತಡವಾಗುತ್ತದೆ, ಕಾಯುತ್ತೇವೆ. ಸಮುದ್ರದ ಬಗ್ಗೆ ನಮ್ಮ ಯಾರ ದೂರೂ ಇಲ್ಲ. ದಿನಾ ಓಡಾಡುವ ಬ್ಯಾಂಕಿನವರು, ಕೋರ್ಟಿನವರು, ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗರು, ಎಲ್ಲರೂ ಈ ದಾರಿಯನ್ನೇ ನಂಬಿ ಅಲ್ಲಿ ಮನೆ ಮಾಡಿಕೊಂಡಿದ್ದೇವೆ.

ನಿಮ್ಮ ಟಿಕೆಟ್‌ನ ದುಡ್ಡಿನಲ್ಲಿ ಮಾಂಡ್ವಾದಿಂದ ಅಲಿಬಾಗ್‌ವರೆಗಿನ ಬಸ್ ಕೂಡ ಸೇರಿದೆ. ಇದು ನಾನು ಹೇಳುತ್ತಿರುವುದಲ್ಲ, ನಿಮ್ಮ ಕೌಂಟರ್‌ನ ಬೋರ್ಡ್ ಹೇಳುತ್ತದೆ, ಟಿಕೆಟ್ ಮೇಲೂ ಅಚ್ಚಾಗಿದೆ. ಒಂದೇ ಟಿಕೆಟ್, ಒಂದೇ ದರ, ಲಾಂಚ್ ಮತ್ತು ಬಸ್. ಈ ದಾರಿಯಲ್ಲಿ ಬೇರೆ ಕಂಪನಿಗಳೂ ಇವೆ, ಒಬ್ಬರ ಟಿಕೆಟ್ ಇನ್ನೊಬ್ಬರ ಲಾಂಚ್‌ಗೆ ನಡೆಯುವುದಿಲ್ಲ. ನಾವು ನಿಮ್ಮದನ್ನೇ ಹಿಡಿಯುತ್ತಿದ್ದದ್ದು ನಿಮ್ಮ ಬಸ್ ಚೋಂಡಿ ನಾಕಾದಲ್ಲಿ ನಿಲ್ಲಿಸುತ್ತದೆ ಅಂತಲೇ.

ಈಗ ಆ ಶುಕ್ರವಾರದ ಸಂಜೆಗೆ ಬರುತ್ತೇನೆ. ಡಿಸೆಂಬರ್ ಕೊನೆ, ಹೊಸ ವರ್ಷಕ್ಕೆ ಅಲಿಬಾಗ್‌ಗೆ ಹೊರಟ ಜನ ಗೇಟ್‌ವೇಯಲ್ಲಿ ಕಿಕ್ಕಿರಿದಿದ್ದರು. ಸಂಜೆಯ ಕೊನೆಯ ಲಾಂಚ್. ನಿಮ್ಮ ಹುಡುಗರು ಬಂದವರನ್ನೆಲ್ಲ ಹತ್ತಿಸಿಕೊಳ್ಳುತ್ತಲೇ ಇದ್ದರು. ಒಳಗಿನ ಸೀಟುಗಳ ಮೇಲೆ ಸೂಟ್‌ಕೇಸ್, ಐಸ್‌ಬಾಕ್ಸ್, ಮಡಚುವ ಕುರ್ಚಿ. ಆ ಸಾಮಾನು ಕೆಳಗಿಡಿಸಿ ಅಂದೆ. ಖಲಾಸಿ, "ದೀದಿ, ಒಂದು ಗಂಟೆ ತಾನೇ, ಹೊರಗೆ ನಿಲ್ಲಿ" ಅಂದ. ಪಕ್ಕದ ಕಟಕಟೆ ಹಿಡಿದು ನಿಂತೆ. ನನ್ನ ಜೊತೆ ದಿನಾ ಬರುವ ಇನ್ನೂ ಕೆಲವರು ನಿಂತಿದ್ದರು. ದಡ ಬಿಟ್ಟು ಸ್ವಲ್ಪ ದೂರ ಹೋಗುತ್ತಿದ್ದ ಹಾಗೆ ಗಾಳಿ ಎದ್ದಿತು, ನೀರು ಬಾಲ್ದಿಯಲ್ಲಿ ಎರಚಿದ ಹಾಗೆ ಮೈಮೇಲೆ ಬೀಳತೊಡಗಿತು. ಬಟ್ಟೆ, ಪರ್ಸ್, ಪರ್ಸ್ ಒಳಗಿನ ಟಿಕೆಟ್ ಎಲ್ಲ ತೊಪ್ಪೆಯಾಯಿತು.

ಮಾಂಡ್ವಾದಲ್ಲಿ ಇಳಿದಾಗ ಪೂರ್ತಿ ಕತ್ತಲು. ಜೆಟ್ಟಿಯ ಉದ್ದಕ್ಕೂ ನಡೆದು ಬಸ್ ಹತ್ತಿರ ಬಂದೆ. ಬಾಗಿಲಲ್ಲಿ ನಿಮ್ಮ ಸೂಪರ್‌ವೈಸರ್ ಟಾರ್ಚ್ ಹಿಡಿದು ಟಿಕೆಟ್ ನೋಡುತ್ತಿದ್ದರು. ನನ್ನ ಟಿಕೆಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದರು:

"ನಂಬರ್ ಎಲ್ಲಿ?"

ಕೊನೆಯ ಎರಡು ಅಂಕಿ ಅಳಿಸಿದೆ, ಉಳಿದದ್ದು ಕಾಣುತ್ತೆ, ತಾರೀಖು ಕಾಣುತ್ತೆ, ಕಂಪನಿ ಹೆಸರೂ ಕಾಣುತ್ತೆ ಅಂದೆ.

"ಪೂರ್ತಿ ನಂಬರ್ ಬೇಕು."

"ನಾನು ಈಗ ತಾನೇ ನಿಮ್ಮ ಲಾಂಚ್‌ನಿಂದ ಇಳಿದೆ. ಟಿಕೆಟ್ ಇಲ್ಲದೆ ಗೇಟ್‌ವೇಯಲ್ಲಿ ಹತ್ತಿಸಿಕೊಳ್ಳುತ್ತಾರಾ?"

"ಲಾಂಚ್‌ಗೆ ಇತ್ತು ಅಂದ ಮಾತ್ರಕ್ಕೆ ಬಸ್ಸಿಗೂ ಇದೆ ಅಂತ ಅಲ್ಲ."

"ಎರಡಕ್ಕೂ ಒಂದೇ ಟಿಕೆಟ್ ಅಲ್ವಾ?"

ಆಗ ಅವರು ಟಾರ್ಚ್ ಬೆಳಕನ್ನು ನೇರ ನನ್ನ ಮುಖಕ್ಕೆ ಬಿಟ್ಟರು. ಟಿಕೆಟ್ ಮೇಲಲ್ಲ, ಮುಖಕ್ಕೆ. ನಾನು ಕಣ್ಣಿಗೆ ಕೈ ಅಡ್ಡ ಹಿಡಿದೆ. ಇನ್ನೊಂದು ಕೈಯಲ್ಲಿ ಫೋನ್ ತೆಗೆದು, ಮಧ್ಯಾಹ್ನ ನಿಮ್ಮ ಕೌಂಟರ್‌ಗೆ ಯುಪಿಐನಲ್ಲಿ ದುಡ್ಡು ಕಟ್ಟಿದ ಮೆಸೇಜ್ ತೋರಿಸಿದೆ. ಅದರಲ್ಲಿ ನಿಮ್ಮ ಕಂಪನಿಯ ಹೆಸರಿದೆ, ಮೊತ್ತ ಇದೆ, ಹೊತ್ತು ಇದೆ. ಅವರು ನೋಡಿದರು. ನೋಡಿ ಹೇಳಿದ್ದು, "ಇದು ದುಡ್ಡು ಕೊಟ್ಟಿದ್ದಕ್ಕೆ ಪುರಾವೆ. ಟಿಕೆಟ್ ಅಲ್ಲ."

ಅಷ್ಟರಲ್ಲಿ ನನ್ನ ಹಿಂದೆ ನಿಂತಿದ್ದ, ನಾವೆಲ್ಲ ಮೌಶಿ (ಚಿಕ್ಕಮ್ಮ) ಅನ್ನುವ ಮೀನುಗಾರ ಹೆಂಗಸು, ದಿನಾ ಮೀನು ಮಾರಿ ಬುಟ್ಟಿ ಖಾಲಿ ಮಾಡಿಕೊಂಡು ಬರುವವರು, "ಅವಳು ದಿನಾ ಬರ್ತಾಳೆ, ನಾನು ನೋಡಿದ್ದೇನೆ, ಬಿಡಿ" ಅಂತ ಮರಾಠಿಯಲ್ಲಿ ಹೇಳಿದರು. ಸೂಪರ್‌ವೈಸರ್ ಅವರಿಗೆ, "ನಿನ್ನನ್ನು ಯಾರು ಕೇಳಿದರು?" ಅಂದರು. ತಾಯಿಯ ವಯಸ್ಸಿನವರಿಗೆ ಏಕವಚನ. ಆಮೇಲೆ ನನ್ನ ಒದ್ದೆ ಟಿಕೆಟ್ಟನ್ನು ಬಸ್ಸಿನ ಒಳಗೆ ಕೂತವರೆಲ್ಲ ನೋಡುವ ಹಾಗೆ ಮೇಲೆ ಹಿಡಿದು, ಜೋರಾಗಿ, "ಹೇ ಬಘಾ, ಹೇ ತಿಕೀಟ್ ಆಹೇ ಮ್ಹಣೇ" ಅಂದರು. ಇದು ಟಿಕೆಟ್ ಅಂತೆ, ನೋಡಿ ಅಂತ. ಕೆಲವರು ನಕ್ಕರು. ನಕ್ಕವರ ಪಕ್ಕದ ಸೀಟಿನಲ್ಲಿ ಮನುಷ್ಯರಿರಲಿಲ್ಲ, ಅದೇ ಐಸ್‌ಬಾಕ್ಸ್ ಕೂತಿತ್ತು.

"ಬದಿಗೆ ನಿಲ್ಲಿ, ಜಾಗ ಉಳಿದರೆ ನೋಡೋಣ" ಅಂದರು. ನಾನು ಬದಿಗೆ ನಿಂತೆ. ಅವರು ಟಿಕೆಟ್ ಮುದ್ದೆ ಮಾಡಿ ನೆಲಕ್ಕೆ ಹಾಕಿ, ಬಸ್ಸಿನ ಬದಿಗೆ ಎರಡು ಸಲ ಬಡಿದರು. ಬಸ್ ಹೊರಟಿತು. ನಾನು ಬಗ್ಗಿ ಆ ಟಿಕೆಟ್ ಎತ್ತಿಕೊಂಡೆ, ಒಣಗಿಸಿ ಇಟ್ಟಿದ್ದೇನೆ. ಅಷ್ಟು ಜನರ ಮುಂದೆ ಕಳ್ಳಿಯ ಹಾಗೆ ನಿಲ್ಲಿಸಿಕೊಂಡದ್ದು ನನ್ನ ಜೀವನದಲ್ಲಿ ಅದೇ ಮೊದಲು. ಮಿನಿಡೋರ್ ರಿಕ್ಷಾದವನು ಹೊತ್ತಾಯಿತು ಅಂತ ಕೇಳಿದಷ್ಟು ಕೊಟ್ಟು, ಒದ್ದೆ ಬಟ್ಟೆಯಲ್ಲಿ ಮನೆ ಸೇರಿದೆ.

ಸಾಹೇಬರೇ, ನಿಮ್ಮ ನಿಯಮ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಟಿಕೆಟ್ ಒದ್ದೆಯಾದದ್ದು ಯಾಕೆ? ನಾನು ಹೊರಗೆ ನಿಂತಿದ್ದೆ. ಹೊರಗೆ ನಿಂತದ್ದು ಯಾಕೆ? ನನ್ನ ಸೀಟಿನಲ್ಲಿ ಸಾಮಾನು ಇಡಲು ನಿಮ್ಮವರೇ ಬಿಟ್ಟಿದ್ದರು. ಚಾಲಕರ ಕ್ಯಾಬಿನ್ ಪಕ್ಕದಲ್ಲಿ, ಈ ಲಾಂಚ್‌ನಲ್ಲಿ ಎಷ್ಟು ಜನ ಹೋಗಬಹುದು ಅಂತ ಬಣ್ಣದಲ್ಲಿ ಬರೆದಿದೆ. ಆ ಸಂಜೆ ಆ ಬರಹದ ಮುಂದೆಯೂ ಜನ ನಿಂತಿದ್ದರು, ಅದನ್ನು ಓದಲೂ ಆಗುತ್ತಿರಲಿಲ್ಲ. ನಾನು ಲೈಫ್ ಜಾಕೆಟ್ ಕೇಳಿದೆ. ಖಲಾಸಿ ಮೇಲೆ ಕೈ ತೋರಿಸಿದ. ಛಾವಣಿಯ ಕೆಳಗೆ ಜಾಕೆಟ್‌ಗಳನ್ನು ಕಟ್ಟು ಕಟ್ಟಾಗಿ ನೈಲಾನ್ ಹಗ್ಗದಿಂದ ಬಿಗಿದಿದ್ದರು. ಗಂಟು ಎಷ್ಟು ಹಳೆಯದೆಂದರೆ ಉಪ್ಪು ಕೂತು ಬೆಳ್ಳಗಾಗಿತ್ತು. ಉಗುರು ಹಾಕಿ ಎಳೆದೆ, ಬಿಚ್ಚಲಿಲ್ಲ. "ಏನೂ ಆಗಲ್ಲ ದೀದಿ" ಅಂದ.

ಏನೂ ಆಗಲ್ಲ ಅನ್ನುವ ಮಾತನ್ನು ಈ ನೀರಿನ ಮೇಲೆ ಇನ್ನು ಯಾರೂ ಆಡಬಾರದು. 2024ರ ಡಿಸೆಂಬರ್ 18ರಂದು ಇದೇ ಗೇಟ್‌ವೇಯಿಂದ ಎಲಿಫೆಂಟಾ ದ್ವೀಪಕ್ಕೆ ಹೊರಟ ಬೋಟ್‌ಗೆ ನೌಕಾಪಡೆಯ ಸ್ಪೀಡ್‌ಬೋಟ್ ಡಿಕ್ಕಿ ಹೊಡೆದು 15 ಜನ ಸತ್ತರು. ಡಿಕ್ಕಿ ಆ ಬೋಟಿನವರ ತಪ್ಪಲ್ಲ. ಆದರೆ ಅದಕ್ಕೆ ಪರವಾನಗಿ ಇದ್ದದ್ದು 84 ಪ್ರಯಾಣಿಕರಿಗೆ, ಒಳಗಿದ್ದವರು ನೂರಕ್ಕೂ ಹೆಚ್ಚು. ಆಮೇಲೆ ಲೈಫ್ ಜಾಕೆಟ್ ಹಾಕಲೇಬೇಕು ಅಂತ ಕಟ್ಟುನಿಟ್ಟು ಮಾಡಿದರು. ಸ್ವಲ್ಪ ದಿನ ನಿಮ್ಮ ಹುಡುಗರೂ ಹತ್ತುವಾಗಲೇ ಕೈಗೆ ಕೊಡುತ್ತಿದ್ದರು, ಹಾಕದಿದ್ದರೆ ಬೈಯುತ್ತಿದ್ದರು. ನಮಗೆ ಎಷ್ಟು ಧೈರ್ಯ ಬಂದಿತ್ತು! ಅದು ಯಾವಾಗ ಮತ್ತೆ ಛಾವಣಿ ಸೇರಿತು, ಯಾರು ಹೇಳಿದ್ದಕ್ಕೆ ಸೇರಿತು? ನನ್ನ ಅವಮಾನಕ್ಕಿಂತ ಈ ಮಾತಿಗೆ ನೀವು ಮೊದಲು ಉತ್ತರ ಕೊಡಬೇಕು.

ನಿಮ್ಮ ಆಫೀಸಿನಲ್ಲಿ ಫೋನ್ ಎತ್ತಿದ ಇನ್ನೊಬ್ಬರು ನನಗೆ, "ಲಾಂಚ್ ನಮ್ಮದು, ಬಸ್ ಕಾಂಟ್ರಾಕ್ಟರ್‌ದು, ಅವರನ್ನು ಕೇಳಿ" ಅಂದರು. ಕಾಂಟ್ರಾಕ್ಟರ್ ಯಾರು ಅಂತ ನನಗೆ ಯಾಕೆ ಗೊತ್ತಿರಬೇಕು? ದುಡ್ಡು ತೆಗೆದುಕೊಂಡವರು ನೀವು, ಟಿಕೆಟ್ ಕೊಟ್ಟವರು ನೀವು. ಬಸ್ಸಿನ ಬಾಗಿಲಲ್ಲಿ ನಿಂತಿದ್ದವರ ಅಂಗಿಯ ಮೇಲೆ ಇದ್ದದ್ದೂ ನಿಮ್ಮ ಕಂಪನಿಯ ಹೆಸರೇ.

ನನಗೆ ಬೇಕಾದದ್ದು ಇಷ್ಟು. ಕೊನೆಯ ಲಾಂಚ್‌ನ ಕೊನೆಯ ಪ್ರಯಾಣಿಕರು ಜೆಟ್ಟಿ ದಾಟಿ ಬರುವ ತನಕ ಬಸ್ ಹೊರಡಬಾರದು. ಸೀಟಿನ ಮೇಲೆ ಸಾಮಾನು ಇಡಲು ಬಿಡಬಾರದು. ಟಿಕೆಟ್ ನೀರಿನಲ್ಲಿ ಹಾಳಾದರೆ ದುಡ್ಡು ಕಟ್ಟಿದ ಮೆಸೇಜ್ ನೋಡಿ ಬಿಡಬೇಕು, ಸಮುದ್ರದ ಮೇಲೆ ಕೊಡುವ ಟಿಕೆಟ್ ಒದ್ದೆಯಾಗದೆ ಇರುತ್ತದಾ? ಜಾಕೆಟ್ ಕೈಗೆ ಸಿಗುವ ಹಾಗೆ ಇರಬೇಕು. ರಿಕ್ಷಾದ ದುಡ್ಡು ವಾಪಸ್ ಬೇಕು. ಆ ಸೂಪರ್‌ವೈಸರ್ ನನಗೂ ಮೌಶಿಗೂ ಕ್ಷಮೆ ಕೇಳಬೇಕು, ಆಫೀಸಿನ ಕೋಣೆಯಲ್ಲಿ ಅಲ್ಲ, ಅದೇ ಬಸ್ಸಿನ ಬಾಗಿಲಲ್ಲಿ, ಅವತ್ತಿನಷ್ಟೇ ಜೋರು ದನಿಯಲ್ಲಿ.

15 ದಿನ ಕೊಡುತ್ತೇನೆ. ಅಷ್ಟರಲ್ಲಿ ಬರಹದಲ್ಲಿ ಉತ್ತರ ಬರಬೇಕು, ಫೋನಿನಲ್ಲಿ "ನೋಡ್ತೇನೆ ಅಕ್ಕ" ಅನ್ನುವುದು ಬೇಡ. ಬರದಿದ್ದರೆ ರಾಯಗಡ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕ ಇಲ್ಲ, ವಕೀಲರೂ ಬೇಡ. 2 ವರ್ಷದೊಳಗೆ ಕೊಟ್ಟರೆ ಸಾಕು, ಆದರೆ ನಾನು 16ನೇ ದಿನವೇ ಕೊಡುತ್ತೇನೆ. ಕಟ್ಟಿಟ್ಟ ಜಾಕೆಟ್‌ಗಳ ಫೋಟೋ, ಹೊರಗೆ ನಿಂತ ಜನರ ಫೋಟೋ ನನ್ನ ಹತ್ತಿರ ಇವೆ, ಅವು ಬಂದರು, ಬೋಟ್‌ಗಳನ್ನು ನೋಡಿಕೊಳ್ಳುವ ಸರ್ಕಾರದ ಮೆರಿಟೈಮ್ ಬೋರ್ಡ್‌ಗೆ ಹೋಗುತ್ತವೆ. ದಿನಾ ಓಡಾಡುವವರು ಸಹಿ ಹಾಕಲು ತಯಾರಿದ್ದಾರೆ. ಮೌಶಿ ಹೆಬ್ಬೆಟ್ಟು ಒತ್ತುತ್ತೇನೆ ಅಂದಿದ್ದಾರೆ, ಆಯೋಗಕ್ಕೆ ಬಂದು ಕಂಡದ್ದನ್ನು ಹೇಳುತ್ತೇನೆ ಅಂತಲೂ ಅಂದಿದ್ದಾರೆ. ಸೋಮವಾರದಿಂದ ನಾವು ಒಬ್ಬರೂ ನಿಮ್ಮ ಲಾಂಚ್ ಹತ್ತುವುದಿಲ್ಲ, ಪಕ್ಕದ ಕೌಂಟರ್‌ನಲ್ಲಿ ಟಿಕೆಟ್ ತೆಗೆದುಕೊಳ್ಳುತ್ತೇವೆ. ಹೊಸ ವರ್ಷದ ಜನ ವಾಪಸ್ ಹೋದ ಮೇಲೆ, ವಾರದ ದಿನಗಳಲ್ಲಿ ನಿಮ್ಮ ಸೀಟು ತುಂಬಿಸುವವರು ಯಾರು ಅಂತ ನಿಮ್ಮ ಮಾಲೀಕರನ್ನೇ ಕೇಳಿ ನೋಡಿ.

ಇಂತಿ,
ಚೋಂಡಿಯಿಂದ ದಿನಾ ಬರುವ ಪ್ರಯಾಣಿಕಳು

ಲಗತ್ತು: ಟಿಕೆಟ್‌ನ ಜೆರಾಕ್ಸ್, ದುಡ್ಡು ಕಟ್ಟಿದ ಮೆಸೇಜ್‌ನ ಪ್ರಿಂಟ್, ಲಾಂಚ್ ಒಳಗಿನ ಫೋಟೋಗಳು. ಮೂಲ ಟಿಕೆಟ್ ನನ್ನ ಹತ್ತಿರವೇ ಇರುತ್ತದೆ, ಆಯೋಗದಲ್ಲಿ ತೋರಿಸುತ್ತೇನೆ.