ಅಂಚಿನಲ್ಲಿದ್ದ ಹೆಸರು

ಎಲ್ಲರಿಗೂ ನಮಸ್ಕಾರ.

ನವೆಂಬರಿನ ಎರಡನೇ ಭಾನುವಾರ ಬಂತು. ಯುದ್ಧದಲ್ಲಿ ಮಡಿದವರ ನೆನಪಿಗೆ ಬ್ರಿಟನ್ನಿನ ಊರೂರಲ್ಲೂ ಜನ ಕೆಂಪು ಪಾಪಿ (ಗಸಗಸೆ ಜಾತಿಯ) ಹೂ ಸಿಕ್ಕಿಸಿಕೊಂಡು, ಬೆಳಗ್ಗೆ 11 ಗಂಟೆಗೆ ಯುದ್ಧ ಸ್ಮಾರಕದ ಮುಂದೆ 2 ನಿಮಿಷ ಮೌನವಾಗಿ ನಿಲ್ಲುತ್ತಾರೆ. ಈ ದೇಶಕ್ಕೆ ಬಂದ ಹೊಸದರಲ್ಲಿ ನಾನೂ ಹೋಗುತ್ತಿದ್ದೆ, ಆದರೆ ಹಿಂದೆ ಎಲ್ಲೋ ಒಂದು ಮೂಲೆಯಲ್ಲಿ ನಿಲ್ಲುತ್ತಿದ್ದೆ. ಇದು ಇವರ ಮನೆಯ ಕಾರ್ಯ, ನಾವು ನೆಂಟರು ಅನ್ನುವ ಭಾವನೆ. ನಿಮಗೂ ಹಾಗೇ ಅನಿಸಿರಬೇಕು, ಅಲ್ವಾ?

ನಮ್ಮ ಅಜ್ಜಿಯ ಟ್ರಂಕಿನಲ್ಲಿ ಒಂದು ಕಂಚಿನ ಬಿಲ್ಲೆ ಇತ್ತು. ಅದರ ಮೇಲೆ ರೆಕ್ಕೆ ಇರುವ ಹೆಣ್ಣಿನ ಚಿತ್ರ. ಆಯುಧಪೂಜೆಯ ದಿನ ಅಜ್ಜಿ ಅದನ್ನು ತೆಗೆದು ಕುಡುಗೋಲು, ಮಚ್ಚು, ಹೊಲಿಗೆ ಮಷಿನ್ನಿನ ಪಕ್ಕ ಇಟ್ಟು ಕುಂಕುಮ ಹಚ್ಚುತ್ತಿದ್ದರು. 'ನಮ್ಮ ಮಾವನೋರ್ದು, ಲಡಾಯಿಗೆ ಹೋಗಿದ್ರು' ಅನ್ನುತ್ತಿದ್ದರು, ಅಷ್ಟೇ. ಜೊತೆಗೆ ಒಂದು ಬೆಳ್ಳಿಯದೂ ಇತ್ತಂತೆ. ಮಳೆ ಕೈಕೊಟ್ಟ ಒಂದು ವರ್ಷ ಅದನ್ನು ಮಾರಿ ರಾಗಿ ತಂದರಂತೆ. ಕಂಚಿಗೆ ಯಾರೂ ದುಡ್ಡು ಕೊಡಲಿಲ್ಲ, ಹಾಗಾಗಿ ಉಳಿಯಿತು.

ಅಜ್ಜಿ ಹೋದ ಮೇಲೆ, ಊರಿನಲ್ಲಿ ಒಂದು ಮಧ್ಯಾಹ್ನ ಅದನ್ನು ಸುಮ್ನೆ ಕೈಯಲ್ಲಿ ತಿರುಗಿಸುತ್ತಾ ಕೂತಿದ್ದಾಗ ಅಂಚಿನಲ್ಲಿ ಸಣ್ಣ ಅಕ್ಷರ ಕಂಡವು. ಒಂದು ನಂಬರು, ಸವಾರ ಅನ್ನುವ ಹುದ್ದೆ, ಮುತ್ತಾತನ ಹೆಸರು, ಮೈಸೂರು ಲ್ಯಾನ್ಸರ್ಸ್. ಅಷ್ಟು ವರ್ಷ ಪೂಜೆ ಮಾಡಿದ್ದೇವೆ, ಒಮ್ಮೆಯೂ ಓದಿರಲಿಲ್ಲ.

ಮೈಸೂರು ಲ್ಯಾನ್ಸರ್ಸ್ ನಮ್ಮ ಮಹಾರಾಜರ ಕುದುರೆ ಪಡೆ. 1918ರ ಸೆಪ್ಟೆಂಬರ್ 23ರಂದು ಈ ಪಡೆ ಮತ್ತು ಜೋಧಪುರದ ಪಡೆ ಸೇರಿ, ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದವು. ಎದುರಿಗೆ ಕಾರ್ಮೆಲ್ ಬೆಟ್ಟದ ಮೇಲೆ ತುರ್ಕಿ ಪಡೆಯ ಫಿರಂಗಿ, ಮಷಿನ್‌ಗನ್. ಇವರ ಕೈಯಲ್ಲಿ ಭರ್ಜಿ, ಕತ್ತಿ. ಕುದುರೆ ಏರಿ ಆ ಕಲ್ಲುಬೆಟ್ಟ ಹತ್ತಿದ್ದಾರೆ, 1,300ಕ್ಕೂ ಜಾಸ್ತಿ ಸೈನಿಕರನ್ನು ಸೆರೆ ಹಿಡಿದಿದ್ದಾರೆ. ದೆಹಲಿಯ ತೀನ್ ಮೂರ್ತಿ ಅಂತೀವಲ್ಲ, ಆ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಪಡೆಗಳ ನೆನಪಿಗೆ ನಿಂತವು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಮುತ್ತಾತ ಅವತ್ತು ಆ ಬೆಟ್ಟದ ಮೇಲಿದ್ದರಾ? ಹೇಳುವವರು ಮನೆಯಲ್ಲಿ ಯಾರೂ ಉಳಿದಿಲ್ಲ. ನನಗೆ ತುಂಬಾ ನೋವು ಕೊಡುವುದು ಇದೇ.

ಬ್ರಿಟಿಷರ ಯುದ್ಧಕ್ಕೆ ನಾವ್ಯಾಕೆ ತಲೆ ಬಾಗಬೇಕು ಅಂತ ನಮ್ಮ ಸಂಘದಲ್ಲೇ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ನಾನು ತಲೆ ಬಾಗುವುದು ಸಾಮ್ರಾಜ್ಯಕ್ಕಲ್ಲ, ತಿಂಗಳ ಸಂಬಳಕ್ಕೆ ಸೇರಿ, ಉಂಡ ಮನೆಯ ಋಣ ಅಂತ ಹಡಗು ಹತ್ತಿ, ಹೆಸರು ಕೂಡ ಕೇಳಿರದ ಊರಿನಲ್ಲಿ ಬಿಸಿಲು, ರೋಗ, ಗುಂಡು ಎಲ್ಲ ಎದುರಿಸಿದ ಒಬ್ಬ ಮನುಷ್ಯನಿಗೆ. ಮೊದಲ ಮಹಾಯುದ್ಧದಲ್ಲಿ ಭಾರತದ 70,000ಕ್ಕೂ ಹೆಚ್ಚು ಮಂದಿ ಸತ್ತರು. ಇಂಗ್ಲೆಂಡಿನ ಬ್ರೈಟನ್ ಹತ್ತಿರ ಗುಡ್ಡದ ಮೇಲೆ ಬಿಳಿ ಛತ್ರಿಯೊಂದಿದೆ, ಅಂದರೆ ಗುಮ್ಮಟದ ಸ್ಮಾರಕ ಮಂಟಪ, 1921ರದು. ಅಲ್ಲಿನ ಆಸ್ಪತ್ರೆಗಳಲ್ಲಿ ತೀರಿಕೊಂಡ ನಮ್ಮ ಹಿಂದೂ, ಸಿಖ್ ಸೈನಿಕರನ್ನು ಸುಟ್ಟ ಜಾಗ ಅದು. ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.

ಮತ್ತೆ ನಿಮ್ಮ ಮನೆಗೆ ಒಂದು ಫೋನ್ ಮಾಡಿ. ಕೊಡಗಿನವರ ಮನೆಯಲ್ಲಂತೂ ತಲೆಮಾರಿಗೊಬ್ಬರು ಸೈನ್ಯದಲ್ಲಿರುತ್ತಾರೆ, ಉಳಿದವರೂ ಕೇಳಿ ನೋಡಿ. ಹಳೇ ಪದಕ ಇದ್ದರೆ ಅಂಚು ಓದಿ. ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ. ಫೋಟೋ ಇದ್ದರೆ ಅದರಲ್ಲಿರುವವರು ಯಾರು ಅಂತ ದೊಡ್ಡವರು ಇರುವಾಗಲೇ ಬರೆದಿಟ್ಟುಕೊಳ್ಳಿ. ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

ಸ್ವಂತ ಪದಕವನ್ನು ಎಡ ಎದೆಗೆ, ಮನೆಯ ಹಿರಿಯರದ್ದನ್ನು ಬಲ ಎದೆಗೆ ಹಾಕುವುದು ಇಲ್ಲಿನ ಪದ್ಧತಿ. ಈ ಭಾನುವಾರ ನನ್ನ ಮಗಳು ಬಲಗಡೆ ಹಾಕಿಕೊಂಡು ಬರುತ್ತಾಳೆ. ರೆಕ್ಕೆಯ ಸಂದಿಯಲ್ಲಿ ಅಜ್ಜಿ ಹಚ್ಚಿದ ಕುಂಕುಮ ಇನ್ನೂ ಇದೆ, ಒರೆಸಬೇಡ ಅಂತ ಹೇಳಿದ್ದೇನೆ.