ವಂಶವಾಹಿ ಪರೀಕ್ಷೆಯ ವರದಿಯನ್ನು ಕನ್ನಡದಲ್ಲಿ ವಿವರಿಸುವವರು ಬೇಕು

ಮಾನ್ಯ ಸಂಪಾದಕರೇ,

ಪ್ರಾಸ್ಟೇಟ್ ಕ್ಯಾನ್ಸರ್ ಇರುವವರು ಮನೆಯಲ್ಲೇ ಕುಳಿತು ಎಂಜಲಿನ ಮಾದರಿ ಕೊಟ್ಟು ವಂಶವಾಹಿ ಪರೀಕ್ಷೆ ಮಾಡಿಸಿಕೊಳ್ಳುವ ಅನುಕೂಲ ಈಗ ನಮ್ಮಲ್ಲೂ ದೊರೆಯುತ್ತಿದೆ. ಈ ಪರೀಕ್ಷೆ ಎಷ್ಟು ಅಗತ್ಯವೆಂಬುದನ್ನೂ, ಅದು ಈಗ ನಮ್ಮ ಮನೆಗಳಿಗೆ ಬರುತ್ತಿರುವ ರೀತಿಯಲ್ಲಿ ಎಂಥ ಕೊರತೆಯಿದೆ ಎಂಬುದನ್ನೂ ಕಳೆದ ವರ್ಷ ಕಣ್ಣಾರೆ ಕಂಡೆನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಂದೆಗೆ 71 ವರ್ಷ. ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರರು. ಎರಡು ವರ್ಷದ ಹಿಂದೆ ಸೊಂಟನೋವೆಂದು ತೋರಿಸಲು ಹೋದಾಗ ಪ್ರಾಸ್ಟೇಟ್ ಕ್ಯಾನ್ಸರ್ ಆಗಲೇ ಮೂಳೆಗೆ ಹರಡಿರುವುದು ತಿಳಿಯಿತು. ಮೊದಲ ಭೇಟಿಯಲ್ಲಿ ವೈದ್ಯರು, ‘ನಿಮ್ಮ ತಂದೆಗೆ, ಅಣ್ಣತಮ್ಮಂದಿರಿಗೆ ಈ ಕಾಯಿಲೆ ಇತ್ತೇ?’ ಎಂದು ಕೇಳಿದರು. ಇಲ್ಲವೆಂದೆವು. ಅದು ಸುಳ್ಳಾಗಿರಲಿಲ್ಲ. ಆದರೆ ಅಪ್ಪನ ತಂಗಿ, ನನ್ನ ಸೋದರತ್ತೆ, 48ನೇ ವಯಸ್ಸಿನಲ್ಲಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ತೀರಿಹೋಗಿದ್ದರು. ಗರ್ಭಕೋಶದ ಪಕ್ಕದಲ್ಲಿ ಗಡ್ಡೆಯಾಗಿತ್ತೆಂದು ಮಾತ್ರ ಮನೆಯಲ್ಲಿ ಹೇಳುತ್ತಿದ್ದರು. ಗಂಡಸರ ಕಾಯಿಲೆಯ ಮಾತು ಬಂದಾಗ ಅತ್ತೆಯ ಸಾವನ್ನೂ ಹೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ, ವೈದ್ಯರೂ ಕೇಳಲಿಲ್ಲ.

ಹೊಳೆಯಬೇಕಾಗಿತ್ತು ಎಂಬುದು ಈಗ ಗೊತ್ತಾಗಿದೆ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಸಂಬಂಧದಲ್ಲಿ ಹೆಸರಾದ ಬಿಆರ್‌ಸಿಎ2 ಎಂಬ ವಂಶವಾಹಿಯಲ್ಲಿ ದೋಷವಿದ್ದರೆ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಬರುವ ಸಂಭವವೂ ಹೆಚ್ಚು, ಬಂದದ್ದು ಬೇಗ ಹರಡುವ ಸಂಭವವೂ ಹೆಚ್ಚು. ಈ ದೋಷ ತಾಯಿಯಿಂದಲೂ ಬರಬಹುದು, ತಂದೆಯಿಂದಲೂ ಬರಬಹುದು. ಮಗನಾಗಲಿ ಮಗಳಾಗಲಿ, ಪ್ರತಿಯೊಂದು ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಕ್ಯಾನ್ಸರ್ ಹರಡಿದ್ದ 692 ಮಂದಿ ಗಂಡಸರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅವರಲ್ಲಿ ಶೇ 11.8ರಷ್ಟು ಜನರಿಗೆ ಡಿಎನ್‌ಎ ದುರಸ್ತಿ ಮಾಡುವ ಯಾವುದಾದರೊಂದು ವಂಶವಾಹಿಯಲ್ಲಿ ಹುಟ್ಟಿನಿಂದಲೇ ದೋಷವಿತ್ತೆಂದು ಕಂಡುಬಂದಿತು. ಬಿಆರ್‌ಸಿಎ2 ಒಂದರಲ್ಲೇ ಶೇ 5.3. ಆ ಅಧ್ಯಯನಕ್ಕೆ ರೋಗಿಗಳನ್ನು ಆರಿಸುವಾಗ ಕುಟುಂಬದಲ್ಲಿ ಕ್ಯಾನ್ಸರ್ ಇತ್ತೇ ಎಂದು ನೋಡಿರಲಿಲ್ಲ ಎಂಬುದನ್ನು ಗಮನಿಸಬೇಕು. ಇಂಥ ದೋಷವಿರುವ ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರಿಗೆ ಒಲಾಪರಿಬ್, ರುಕಾಪರಿಬ್ ಎಂಬ ಮಾತ್ರೆಗಳನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಮೇ ತಿಂಗಳಲ್ಲಿ ಒಪ್ಪಿತು. ಹೀಗಾಗಿ ಪರೀಕ್ಷೆಯ ಫಲ ರೋಗಿಯ ಔಷಧವನ್ನೂ ನಿರ್ಧರಿಸಬಲ್ಲದು, ಅವರ ಮಕ್ಕಳು ಯಾವ ವಯಸ್ಸಿನಿಂದ ತಪಾಸಣೆ ಮಾಡಿಸಿಕೊಳ್ಳಬೇಕೆಂಬುದನ್ನೂ ಹೇಳಬಲ್ಲದು.

ಸಿಯಾಟಲ್‌ನಲ್ಲಿರುವ ನನ್ನ ತಮ್ಮ ಇದನ್ನೆಲ್ಲ ಓದಿಕೊಂಡು ಫೋನಿನಲ್ಲಿ ಒತ್ತಾಯ ಮಾಡಿದ್ದರಿಂದ ಖಾಸಗಿ ಸಂಸ್ಥೆಯೊಂದರಿಂದ ಕಿಟ್ ತರಿಸಿದೆವು. ಮನೆಗೇ ಬರುವ ಪರೀಕ್ಷೆಯ ಬೆಲೆ ಏನೆಂಬುದು ಮೂಳೆನೋವಿನ ರೋಗಿಯನ್ನು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಕರೆದೊಯ್ದವರಿಗೆ ಗೊತ್ತು. ಮಾದರಿ ಕೊಡುವ ಮುಂಚೆ ಅರ್ಧ ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು, ತಂಬಾಕು ಬಾಯಿಗೆ ಹಾಕಬಾರದು. ದಿನವಿಡೀ ಎಲೆಅಡಿಕೆ ಮೆಲ್ಲುವ ಅಪ್ಪ ಅಂದು ಬೆಳಗ್ಗೆ ಬಾಯಿ ಮುಕ್ಕಳಿಸಿಕೊಂಡು, ಅರ್ಧ ಗಂಟೆ ಕಾದು, ಜಗಲಿಯ ಮೇಲೆ ಆ ಸಣ್ಣ ಕೊಳವೆಯನ್ನು ಹಿಡಿದು ಕುಳಿತರು. ನೊರೆ ಲೆಕ್ಕಕ್ಕಿಲ್ಲ, ಗೆರೆಯವರೆಗೆ ತಿಳಿಯಾದ ಎಂಜಲೇ ತುಂಬಬೇಕು. ಬಾಯಿ ಒಣಗುವ ಅವರ ವಯಸ್ಸಿನಲ್ಲಿ ಅದಕ್ಕೆ 25 ನಿಮಿಷ ಹಿಡಿಯಿತು. ಎಂಜಲನ್ನು ಯಾರದೋ ಕೈಗೆ ಕೊಟ್ಟು ಕಳಿಸುವುದು ಹೇಗೆಂದು ಸಂಕೋಚಪಟ್ಟು ಕೊಳವೆಯನ್ನು ಎರಡು ಸಲ ಒರೆಸಿದರು. ಮುಚ್ಚಳ ಬಿಗಿಗೊಳಿಸಿದಾಗ ಅದರೊಳಗಿದ್ದ ದ್ರವ ಇಳಿದು ಎಂಜಲಿನೊಡನೆ ಬೆರೆಯಿತು. ಡಿಎನ್‌ಎ ಕೆಡದಂತೆ ಅದು ಕಾಪಾಡುವುದರಿಂದ ಮಂಜುಗಡ್ಡೆಯ ಡಬ್ಬಿಯಿಲ್ಲದೆ ಕೊರಿಯರ್‌ನಲ್ಲೇ ಕಳಿಸಬಹುದು. ಇಷ್ಟರಮಟ್ಟಿಗೆ ಎಲ್ಲವೂ ಚೆನ್ನಾಗಿಯೇ ನಡೆಯಿತು.

ಒಪ್ಪಿಗೆಪತ್ರ ಮಾತ್ರ ಮೊಬೈಲಿನಲ್ಲಿ, ಇಂಗ್ಲಿಷಿನಲ್ಲಿತ್ತು. ಅಪ್ಪನ ಪರವಾಗಿ ಟಿಕ್ ಒತ್ತಿದವಳು ನನ್ನ ಮಗಳು. ತಿಂಗಳ ಬಳಿಕ ಒಂದು ರಾತ್ರಿ ಹತ್ತು ಗಂಟೆಗೆ ವರದಿ ಬಂದದ್ದೂ ಅವಳ ಮೊಬೈಲಿಗೇ: 19 ಪುಟ, ಎಲ್ಲವೂ ಇಂಗ್ಲಿಷ್. ಬಿಆರ್‌ಸಿಎ2ರಲ್ಲಿ ‘ಅರ್ಥ ಇನ್ನೂ ನಿಶ್ಚಯವಾಗದ ಬದಲಾವಣೆ’ಯೊಂದು ಸಿಕ್ಕಿದೆ ಎಂಬುದು ಅದರ ಸಾರ. ನಾವು ಓದಿಕೊಂಡದ್ದು ಬಿಆರ್‌ಸಿಎ2 ಎಂಬ ಹೆಸರನ್ನು ಮಾತ್ರ. ಅದರಲ್ಲಿ ದೋಷವಿರುವ ಹೆಂಗಸರಲ್ಲಿ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಂಭವ ಶೇ 60ಕ್ಕಿಂತ ಹೆಚ್ಚೆಂದು ಅಂತರ್ಜಾಲದಲ್ಲಿ ಹುಡುಕಿ ಓದಿದ ಮಗಳು ಆ ರಾತ್ರಿ ಮಲಗಲಿಲ್ಲ. ಅವಳ ಮದುವೆಯ ಮಾತುಕತೆ ನಡೆಯುತ್ತಿದ್ದ ಸಮಯವದು. ‘ಮುಚ್ಚಿಟ್ಟು ಮದುವೆ ಮಾಡುವುದು ಬೇಡ, ಅವರಿಗೆ ಹೇಳಿಬಿಡಿ’ ಎಂದು ಅಪ್ಪ ಹಟ ಹಿಡಿದರು; ತನ್ನಿಂದ ಮೊಮ್ಮಗಳಿಗೆ ಕೇಡಾಯಿತೆಂದು ಊಟ ಬಿಟ್ಟರು. ಸಂಸ್ಥೆಯ ಸಹಾಯವಾಣಿಗೆ ಫೋನು ಮಾಡಿದರೆ, ವರದಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ ಎಂದರು. ನಮ್ಮ ವೈದ್ಯರ ಬಳಿ ಹೊರರೋಗಿಗಳ ಸಾಲು ಬಾಗಿಲ ಹೊರಗೂ ಬೆಳೆದಿರುತ್ತದೆ, ಅವರನ್ನು ದೂರುವಂತಿಲ್ಲ.

ಮೂರು ವಾರಗಳಾದ ಮೇಲೆ ಬೆಂಗಳೂರಿನಲ್ಲಿ ಆನುವಂಶಿಕ ಸಲಹೆಗಾರರೊಬ್ಬರು ಸಿಕ್ಕಿದರು. ಅವರು ಮೊದಲು ಕೇಳಿದ್ದು ಮನೆಯ ಹೆಂಗಸರ ವಿಷಯವನ್ನು. ಪೌತಿ ಖಾತೆಗೆಂದು ನಾವು ಹಿಂದೆ ಬರೆಸಿದ್ದ ವಂಶವೃಕ್ಷದಲ್ಲಿ ಅತ್ತೆಯ ಹೆಸರೇ ಇರಲಿಲ್ಲ. ಇವರು ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆದು, ಅತ್ತೆಯ ವೃತ್ತದ ಕೆಳಗೆ ವಯಸ್ಸನ್ನೂ ಕಾಯಿಲೆಯನ್ನೂ ಗುರುತಿಸಿದರು. ಬಳಿಕ ಕನ್ನಡದಲ್ಲಿ ನಿಧಾನವಾಗಿ ವಿವರಿಸಿದರು: ಅಪ್ಪನಲ್ಲಿ ಕಂಡ ಬದಲಾವಣೆ ಕಾಯಿಲೆ ತರುವಂಥದ್ದೆಂದು ಯಾರೂ ತೋರಿಸಿಲ್ಲ, ಇಂಥ ಬದಲಾವಣೆಗಳು ಮುಂದೆ ನಿರುಪದ್ರವಿಯೆಂದೇ ತೀರ್ಮಾನವಾಗುವುದು ಹೆಚ್ಚು, ಇದನ್ನು ನಂಬಿ ಔಷಧ ಬದಲಿಸುವುದಾಗಲಿ, ಮಗಳು ಮೊಮ್ಮಗಳಿಗೆ ಪರೀಕ್ಷೆ ಮಾಡಿಸುವುದಾಗಲಿ ಸರಿಯಲ್ಲ. ಜಗತ್ತಿನ ವಂಶವಾಹಿ ಮಾಹಿತಿಯಲ್ಲಿ ಹೆಚ್ಚಿನ ಪಾಲು ಯುರೋಪು ಮೂಲದವರದ್ದಾಗಿರುವುದರಿಂದ, ನಮ್ಮವರಲ್ಲಿ ಹೀಗೆ ಅರ್ಥವಾಗದೆ ಉಳಿಯುವ ಬದಲಾವಣೆಗಳು ಹೆಚ್ಚಾಗಿ ಸಿಗುತ್ತವೆ ಎಂಬುದನ್ನೂ ತಿಳಿಸಿದರು. 40 ನಿಮಿಷದ ಮಾತು. ಅಪ್ಪ ಆ ರಾತ್ರಿ ಹೊಟ್ಟೆ ತುಂಬ ಉಂಡರು.

ಅವರು ಹೇಳಿದ ಇನ್ನೊಂದು ಸಂಗತಿ ಕಿಟ್ಟಿನ ಜಾಹೀರಾತಿನಲ್ಲಿ ನಮಗೆ ಕಂಡಿರಲಿಲ್ಲ. ಎಂಜಲಿನಲ್ಲಿ ತಿಳಿಯುವುದು ಹುಟ್ಟಿನಿಂದ ಬಂದ ದೋಷ ಮಾತ್ರ. ಗಡ್ಡೆಯ ಜೀವಕೋಶಗಳಲ್ಲಷ್ಟೇ ಆಮೇಲೆ ಹುಟ್ಟಿಕೊಂಡ ದೋಷ ಅದರಲ್ಲಿ ಕಾಣುವುದಿಲ್ಲ. ಆದರೆ ಒಲಾಪರಿಬ್‌ನಂಥ ಔಷಧಕ್ಕೆ ಅಂಥ ದೋಷವೂ ಲೆಕ್ಕಕ್ಕೆ ಬರುತ್ತದೆ. ಅದನ್ನು ತಿಳಿಯಲು ಬಯಾಪ್ಸಿಯ ತುಣುಕನ್ನೋ ರಕ್ತವನ್ನೋ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಪ್ರಯೋಗಾಲಯದಲ್ಲಿ ಮೇಣದಲ್ಲಿ ಹುದುಗಿಸಿ ಇಟ್ಟಿದ್ದ ಅಪ್ಪನ ಬಯಾಪ್ಸಿಯ ತುಣುಕನ್ನು ಈಗ ಪರೀಕ್ಷೆಗೆ ಕಳಿಸಿದ್ದೇವೆ. ಎಂಜಲಿನ ವರದಿಯಲ್ಲಿ ‘ದೋಷವಿಲ್ಲ’ ಎಂದು ಬಂದಿದ್ದರೆ ನಾವು ಅಲ್ಲಿಗೇ ಸುಮ್ಮನಾಗುತ್ತಿದ್ದೆವು.

ಕುತೂಹಲಕ್ಕಾಗಿ ಕೊಳ್ಳುವ ಪೂರ್ವಜರ ಮೂಲ ತಿಳಿಸುವ ಕಿಟ್‌ಗಳನ್ನು ಇದರ ಬದಲಿಗೆ ನಂಬುವುದು ಇನ್ನೂ ಅಪಾಯ. ಅಮೆರಿಕದಲ್ಲಿ 23ಆ್ಯಂಡ್‌ಮಿ ಸಂಸ್ಥೆಗೆ 2018ರಲ್ಲಿ ಅನುಮತಿ ಸಿಕ್ಕಿದ್ದು ಬಿಆರ್‌ಸಿಎ1, ಬಿಆರ್‌ಸಿಎ2 ವಂಶವಾಹಿಗಳ ಮೂರೇ ಮೂರು ಬದಲಾವಣೆಗಳನ್ನು ತಿಳಿಸಲು. ಅವು ಮುಖ್ಯವಾಗಿ ಮಧ್ಯ ಮತ್ತು ಪೂರ್ವ ಯುರೋಪು ಮೂಲದ ಅಶ್ಕೆನಾಜಿ ಯಹೂದಿಯರಲ್ಲಿ ಕಾಣುವಂಥವು, ಆದರೆ ಈ ಎರಡು ವಂಶವಾಹಿಗಳಲ್ಲಿ ರೋಗ ತರುವ ಬದಲಾವಣೆಗಳು ಸಾವಿರಕ್ಕೂ ಮಿಕ್ಕಿವೆ. ಅದೇ ಸಂಸ್ಥೆಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, 2025ರ ಮಾರ್ಚ್‌ನಲ್ಲಿ ಅದು ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಅಪ್ಪನ ಎಂಜಲು ಅಪ್ಪನೊಬ್ಬರದಲ್ಲ. ಒಪ್ಪಿಗೆ ಕೊಡದ ನಮ್ಮೆಲ್ಲರ ಮಾಹಿತಿಯೂ ಅದರಲ್ಲಿದೆ. ಉದ್ಯೋಗ ಮತ್ತು ಆರೋಗ್ಯ ವಿಮೆಯಲ್ಲಿ ವಂಶವಾಹಿಯ ಕಾರಣಕ್ಕೆ ಭೇದ ಮಾಡಬಾರದೆಂದು ಅಮೆರಿಕ 2008ರಲ್ಲೇ ಕಾನೂನು ಮಾಡಿದೆ, ಜೀವವಿಮೆ ಅದರ ವ್ಯಾಪ್ತಿಗೆ ಬಾರದಿದ್ದರೂ. ಅಂಥ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ.

ಹೀಗೆಂದ ಮಾತ್ರಕ್ಕೆ ಮನೆಯ ಪರೀಕ್ಷೆ ಬೇಡವೆಂಬುದು ನನ್ನ ಅಭಿಪ್ರಾಯವಲ್ಲ. ಸರಿಯಾಗಿ ಮಾಡುವ ದಾರಿಯೂ ಅಮೆರಿಕದಲ್ಲಿಯೇ ಇದೆ. ಜಾನ್ಸ್ ಹಾಪ್ಕಿನ್ಸ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯಗಳ ತಜ್ಞರ ಮುಂದಾಳತ್ವದ ‘ಪ್ರಾಮಿಸ್’ ಎಂಬ ಯೋಜನೆ 2021ರಿಂದ ಪ್ರಾಸ್ಟೇಟ್ ಕ್ಯಾನ್ಸರ್ ಇರುವವರ ಮನೆಗೆ ಉಚಿತವಾಗಿ ಕಿಟ್ ಕಳಿಸುತ್ತಿದೆ, ಜೊತೆಗೆ ಆನುವಂಶಿಕ ಸಲಹೆಯನ್ನೂ ಒದಗಿಸುತ್ತದೆ. 5,000 ಜನರನ್ನು ಪರೀಕ್ಷಿಸಿ, ದೋಷವಿರುವ 500 ಜನರನ್ನು ಗುರುತಿಸಿ, ವರ್ಷಗಳ ಕಾಲ ಅವರ ಆರೋಗ್ಯವನ್ನು ಗಮನಿಸುತ್ತ ಹೋಗುವುದು ಅದರ ಗುರಿ.

ನಮ್ಮ ರಾಜ್ಯದಲ್ಲಿ ಇದು ಅಸಾಧ್ಯವೇನಲ್ಲ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ, ವಂಶವಾಹಿ ಪರೀಕ್ಷೆ ಮಾಡುವ ಪ್ರಯೋಗಾಲಯಗಳೂ ಇವೆ. ಫೋನಿನಲ್ಲಿ ಕನ್ನಡದಲ್ಲೇ ಸಮಾಲೋಚನೆ ನಡೆಸಬಹುದೆಂಬುದನ್ನು 2022ರಲ್ಲಿ ಆರಂಭವಾದ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್ ತೋರಿಸಿಕೊಟ್ಟಿದೆ. ಆರೋಗ್ಯ ಇಲಾಖೆಯು ಕ್ಯಾನ್ಸರ್ ಚಿಕಿತ್ಸೆ ನೀಡುವ ಸರ್ಕಾರಿ ಆಸ್ಪತ್ರೆಗಳಿಗೆ ಆನುವಂಶಿಕ ಸಲಹೆಗಾರರ ಹುದ್ದೆಗಳನ್ನು ಮಂಜೂರು ಮಾಡಿ, ದೂರದ ತಾಲ್ಲೂಕುಗಳ ರೋಗಿಗಳಿಗೆ ಅವರು ಫೋನಿನಲ್ಲಿ ಸಿಗುವಂತೆ ಮಾಡಬೇಕು. ಕಿಟ್ ಮಾರುವ ಪ್ರತಿಯೊಂದು ಸಂಸ್ಥೆಯೂ ಒಪ್ಪಿಗೆಪತ್ರವನ್ನು ಕನ್ನಡದಲ್ಲಿ ಕೊಡಬೇಕು. ಸಲಹೆಗಾರರು ರೋಗಿಯೊಡನೆ ಮಾತನಾಡುವ ಮೊದಲು ವರದಿಯನ್ನು ಮೊಬೈಲಿಗೆ ಕಳಿಸಕೂಡದು. ಅರ್ಥ ನಿಶ್ಚಯವಾಗದ ಬದಲಾವಣೆಯ ಬಗ್ಗೆ ಮುಂದೆ ಹೊಸ ತಿಳಿವಳಿಕೆ ಬಂದರೆ ಅದನ್ನು ಕುಟುಂಬಕ್ಕೆ ತಿಳಿಸುವ ಹೊಣೆಯನ್ನೂ ಆ ಸಂಸ್ಥೆಯೇ ಹೊರಬೇಕು. ಸದ್ಯ ಆ ಹೊಣೆ ನಮ್ಮದಾಗಿದೆ: ವರದಿಯನ್ನು ಅಪ್ಪ ಪಹಣಿ ಪತ್ರಗಳ ಕಟ್ಟಿನಲ್ಲಿ ಇಟ್ಟಿದ್ದಾರೆ, ಮತ್ತೆ ವಿಚಾರಿಸಬೇಕಾದ ತಿಂಗಳನ್ನು ಅದರ ಮೇಲೆ ಪೆನ್ನಿನಲ್ಲಿ ಬರೆದಿದ್ದಾರೆ.

ಇಂತಿ,
ಓದುಗರೊಬ್ಬರು, ದಾವಣಗೆರೆ ಜಿಲ್ಲೆ